ಅಫಜಲಪುರದ ಯಂತ್ರವನ್ನು ಯಾರೂ ಕೆಡಿಸಿರಲಿಲ್ಲ

ಕಂಪ್ಯೂಟರ್ ನಿಧಾನವಾದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಎಂದು ಹೇಳುವವರ ಜೊತೆ ನಾನು ನಿವೃತ್ತನಾಗುವವರೆಗೂ ಜಗಳ ಮಾಡಿದ್ದೇನೆ. ಈಗಲೂ ಮಾಡುತ್ತೇನೆ. ಬಂದ್ ಮಾಡಿ ಚಾಲೂ ಮಾಡಿದರೆ ಆ ಹೊತ್ತಿನ ಕೆಲಸ ನಡೆಯುತ್ತದೆ, ನಿಜ. ಯಂತ್ರ ಯಾಕೆ ನಿಂತಿತು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಉತ್ತರ ಸಿಗದ ಪ್ರಶ್ನೆಯ ಹೊಣೆ ಕೊನೆಗೆ ಬಂದು ಬೀಳುವುದು ಯಂತ್ರದ ಮುಂದೆ ಕೂತ ಸಣ್ಣ ಸಂಬಳದವರ ತಲೆಯ ಮೇಲೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಮೊದಲು ತಿಳಿದುಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡಂತೆ ಬರೆಯುತ್ತೇನೆ. ಬೇರೆಯವರು ಹೇಳಿದ್ದಾದರೆ ಹಾಗೆಂದು ಹೇಳುತ್ತೇನೆ. ಪತ್ರಿಕೆಯಲ್ಲಿ ಕಲಿತ ಶಿಸ್ತು ಅದು.

ಎಪ್ಪತ್ತರ ದಶಕದಲ್ಲಿ ನಾನು ಗುಲ್ಬರ್ಗದ ಒಂದು ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುವ ಕಂಪೋಸಿಟರ್ ಆಗಿ ಸೇರಿದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ ಇರುವ ಮರದ ಕೇಸು, ಅದರಿಂದ ಹೆಕ್ಕಿ ಹೆಕ್ಕಿ ಸಾಲು ಕಟ್ಟಬೇಕು. ಅಚ್ಚಾದ ಮೇಲೆ ಅದೇ ಸಾಲನ್ನು ಬಿಚ್ಚಿ, ಮೊಳೆಗಳನ್ನು ತೊಳೆದು, ಒಂದೊಂದನ್ನೂ ಅದರದರ ಮನೆಗೆ ಹಾಕಬೇಕು. ಕಟ್ಟುವುದು ಎಲ್ಲರಿಗೂ ಇಷ್ಟ, ಬಿಚ್ಚುವುದು ಯಾರಿಗೂ ಬೇಡ. ಒಮ್ಮೆ ಚುನಾವಣೆಯ ಸುದ್ದಿ ಕಟ್ಟುತ್ತಿದ್ದಾಗ ‘ದ’ ಮುಗಿಯಿತು. ಹಳೆಯ ಮದುವೆ ಕಾರ್ಡು, ಸಭೆಯ ಕರಪತ್ರ ಎಲ್ಲ ಬಿಚ್ಚದೆ ಮೂಲೆಯಲ್ಲಿ ಪೇರಿಸಿಟ್ಟಿದ್ದರು. ಫೋರ್‌ಮನ್ ಮಾನಪ್ಪ ಕೂಗಿದ ಕೂಗು ರಸ್ತೆಗೆ ಕೇಳಿಸಿತು: “ಮದುವಿ ಆಗಿ ಕೂಸು ಹುಟ್ಟೇದ ಲೇ, ಇನ್ನಾ ಕಾರ್ಡ್ ಕಟಗೊಂಡು ಕುಂತೀರಿ? ಬಿಚ್ರಿ ಮೊದ್ಲು!”

ಸೀಸ ಹೋಗಿ ಫೋಟೊ ಕಂಪೋಸಿಂಗ್ ಬಂತು, ಅದು ಹೋಗಿ ಕಂಪ್ಯೂಟರ್ ಬಂತು. ನಾನು ಪ್ರತಿ ಸಲ ಹೊಸದನ್ನು ಕಲಿತೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಆಮೇಲೆ ಸೇರಿದ ಪತ್ರಿಕೆಯ ಗುಲ್ಬರ್ಗ ಕಚೇರಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಆಗಲೇ ಹುಬ್ಬಳ್ಳಿಯ ಪ್ರಧಾನ ಕಚೇರಿಯವರು ಒಂದು ಹೊಸ ಪದ್ಧತಿ ತಂದರು. ತಾಲೂಕು ಕಚೇರಿಗಳಿಗೆ ಬೇರೆ ಸಾಫ್ಟ್‌ವೇರ್ ಬೇಕಿಲ್ಲ, ಬ್ರೌಸರ್ ಒಂದಿದ್ದರೆ ಸಾಕು. ಫೋನ್ ಲೈನಿನ ಮೂಲಕ ಗುಲ್ಬರ್ಗದ ಸರ್ವರ್‌ಗೆ ಸೇರಿ, ಬ್ರೌಸರಿನಲ್ಲಿ ತೆರೆಯುವ ಒಂದು ಪುಟದಲ್ಲೇ ಸುದ್ದಿ ಬರೆದು, ಫೋಟೊ ಸೇರಿಸಿ, ತಲೆಬರಹ ಕೂರಿಸಿ ಕಳಿಸುವುದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಒಂದೊಂದು ಯಂತ್ರ ಕೂರಿಸಿ ಬಂದೆ.

ಮೊದಲು ದೂರು ಬಂದದ್ದು ಜೇವರ್ಗಿಯಿಂದ. ಅಲ್ಲಿನ ವರದಿಗಾರ ಗುರುಲಿಂಗಪ್ಪ ಫೋನಿನಲ್ಲಿ ಹೇಳಿದ: “ಶಂಕ್ರಣ್ಣ, ಮುಂಜಾನಿ ಓಡತದ, ಮಧ್ಯಾಹ್ನಕ್ಕ ಕಲ್ಲಾಗತದ. ಒಂದಕ್ಷರ ಒತ್ತಿ ಚಹಾ ಕುಡದು ಬಂದ್ರೂ ಮೂಡಂಗಿಲ್ಲ.”

ಹುಬ್ಬಳ್ಳಿಯ ಮ್ಯಾನೇಜರ್ ದೇಶಪಾಂಡೆ ಸಾಹೇಬರಿಗೆ ತಿಳಿಸಿದೆ. ಅವರು ಜೇವರ್ಗಿ ನೋಡಿದವರಲ್ಲ. “ಅಲ್ಲಿ ಕರೆಂಟ್ ಸರಿ ಇರೂದಿಲ್ಲ ಶಂಕರ, ಒಂದು ಸ್ಟೆಬಿಲೈಜರ್ ಕೊಟ್ಟುಬಿಡ್ರಿ” ಎಂದರು. ಕೊಟ್ಟೆವು. ವಾರದ ಮೇಲೆ ಗುರುಲಿಂಗಪ್ಪನ ಫೋನ್ ಬಂತು.

“ಸ್ಟೆಬಿಲೈಜರ್ ಭಾಳ ಚಲೋ ಅದ ಶಂಕ್ರಣ್ಣ. ಫ್ಯಾನ್ ಬರೋಬ್ಬರಿ ತಿರಗಾಕತ್ತದ.”

“ಯಂತ್ರ?”

“ಅದು ಹಳೇ ಪದ್ಧತಿ ಬಿಟ್ಟಿಲ್ಲ. ದಿನಾ ಸಾಯಾಕತ್ತದ.”

ಆಳಂದದಲ್ಲೂ ಅದೇ ಕಥೆ. ಅಲ್ಲಿ ನಾನೇ ಒಂದು ಉಪಾಯ ಸೂಚಿಸಿದೆ, ಮೆಮೊರಿ ದುಪ್ಪಟ್ಟು ಮಾಡಿಸಿದೆ. ಯಂತ್ರ ಕೆಲಸ ಮಾಡುವಾಗ ಹರಡಿಕೊಳ್ಳಲು ಬೇಕಾಗುವ ಜಾಗ ಅದು. ಮೇಜು ದೊಡ್ಡದಾದರೆ ಹೆಚ್ಚು ಕಾಗದ ಹರಡಬಹುದು ಎಂಬ ಲೆಕ್ಕ. ಆಳಂದದ ವರದಿಗಾರ ಹಣಮಂತರಾವ ಖುದ್ದು ಗುಲ್ಬರ್ಗಕ್ಕೆ ಬಂದು ನನ್ನ ಮೇಜಿನ ಮುಂದೆ ನಿಂತ. “ಮೊದ್ಲು ಮಧ್ಯಾಹ್ನ ಸಾಯ್ತಿತ್ತು, ಎಬ್ಬಿಸಿ ದುಡೀತಿದ್ವಿ. ಈಗ ಸಂಜಿಗೆ ಸಾಯ್ತದ, ಬರೋಬ್ಬರಿ ಪುಟ ಹೋಗೂ ವ್ಯಾಳ್ಯಾಕ್ಕ. ನಿಮ್ಮ ಮೆಮೊರಿ ನೀವು ವಾಪಸ್ ಒಯ್ರಿ, ಪುಣ್ಯಾ ಬರ್ತದ.”

ಅವನು ಸಿಟ್ಟಿನಲ್ಲಿ ಹೇಳಿದ ಮಾತಿನಲ್ಲಿ ನನಗೆ ಬೇಕಾದ ಸುಳಿವಿತ್ತು. ಜಾಗ ದುಪ್ಪಟ್ಟಾದರೆ ಸಾಯುವ ಹೊತ್ತು ಮುಂದೆ ಹೋಗುತ್ತದೆ ಎಂದರೆ, ಏನೋ ಒಂದು ದಿನವಿಡೀ ತುಂಬುತ್ತಲೇ ಇದೆ ಎಂದರ್ಥ. ಕರೆಂಟಿನ ದೋಷವಾಗಿದ್ದರೆ ಹೀಗೆ ಗಡಿಯಾರ ನೋಡಿ ಸಾಯುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಮೆಮೊರಿ ಸೋರಿಕೆ ಎನ್ನುತ್ತಾರೆ. ಪ್ರೋಗ್ರಾಂ ತನಗೆ ಬೇಕಾದ ಜಾಗ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಬಿಡುವುದಿಲ್ಲ. ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುವುದಿಲ್ಲ. ಕೊನೆಗೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ಇದನ್ನು ಹುಬ್ಬಳ್ಳಿಗೆ ಹೇಳಿದೆ. “ಅದೇ ಪುಟ ಇಲ್ಲೂ ಐತಿ. ಇಲ್ಲಿ ಯಾರಿಗೂ ತ್ರಾಸ ಆಗಿಲ್ಲ. ನಿಮ್ಮ ಮಂದಿಗೆ ಬಳಸಾಕ ಬರೂದಿಲ್ಲ” ಎಂದರು ಸಾಹೇಬರು. ಇಲ್ಲಿ ಸರಿ ಇದೆ, ಆದ್ದರಿಂದ ಅಲ್ಲೂ ಸರಿ ಇರಬೇಕು ಎನ್ನುವ ಈ ಮಾತನ್ನು ನೀವೂ ಕೇಳುತ್ತೀರಿ. ಕೇಳಿ ಸುಮ್ಮನಾಗಬೇಡಿ. ಅಲ್ಲಿಗೂ ಇಲ್ಲಿಗೂ ಬಳಕೆಯಲ್ಲಿ ಏನು ಫರಕು ಎಂದು ಹುಡುಕಲು ಹೊರಡಿ.

ನಾನು ಹೊರಡುವ ಮೊದಲೇ ಅಫಜಲಪುರದ ಪ್ರಕರಣ ಬಂತು.

ಮಳೆಗಾಲ. ಭೀಮಾ ನದಿ ತುಂಬಿ ಸೇತುವೆಯ ಮೇಲೆ ನೀರು ಬಂದ ದಿನ. ಅಫಜಲಪುರದ ಕಚೇರಿಯಲ್ಲಿ ಆಪರೇಟರ್ ಆಗಿದ್ದವಳು ಮಹಾದೇವಿ. ಬಿ.ಎ. ಮುಗಿಸಿ ಟೈಪಿಂಗ್ ಕಲಿತು ಸೇರಿದ್ದಳು, ಕಾಯಂ ಆಗಿರಲಿಲ್ಲ. ವರದಿಗಾರ ನದಿಯ ದಂಡೆಯಿಂದ ತಂದ ಸುದ್ದಿಯನ್ನು ಫೋಟೊ ಸಮೇತ ಕೂರಿಸಿ ಕಳಿಸುವ ಗುಂಡಿ ಒತ್ತುವಷ್ಟರಲ್ಲಿ ಪುಟ ನಿಂತಿತು. ಬಂದ್ ಮಾಡಿ ಚಾಲೂ ಮಾಡಿದಾಗ ಬರೆದದ್ದೆಲ್ಲ ಹೋಗಿತ್ತು. ಮತ್ತೆ ಲೈನ್ ಸಿಗಲಿಲ್ಲ. ಮರುದಿನ ಬೇರೆ ಪತ್ರಿಕೆಗಳಲ್ಲೆಲ್ಲ ಪ್ರವಾಹವಿತ್ತು. ನಮ್ಮಲ್ಲಿ ಆ ಜಾಗದಲ್ಲಿ ಎಣ್ಣೆಯ ಜಾಹೀರಾತು.

ಸಾಹೇಬರು ಮಹಾದೇವಿಗೆ ಫೋನ್ ಮಾಡಿ ರಾಜೀನಾಮೆ ಬರೆದುಕೊಡು ಎಂದರಂತೆ. ಇದನ್ನು ಆಕೆ ನನಗೆ ಹೇಳಿದ್ದು, ನಾನು ಅಲ್ಲಿ ಮುಟ್ಟಿದ ಮೇಲೆ.

“ಯಂತ್ರದ ಜೋಡಿ ಆಟ ಆಡತಿ ಅಂದ್ರು ಅಣ್ಣಾರ. ಬರದು ಕೊಟ್ರ ಮರ್ಯಾದಿಲೆ ಹೋಗ್ತಿ, ಇಲ್ಲಂದ್ರ ನಾವೇ ತಗೀತೀವಿ ಅಂದ್ರು.”

“ನೀ ಏನಂದಿ?”

“ಬರೆಯಂಗಿಲ್ಲಂದ್ನಿ. ತಗದ್ರ ಅವ್ರು ತಗದಂಗ ಆಗ್ತದ. ನಾ ಬರದ್ರ ನಾನೇ ಕೆಡಿಸೀನಿ ಅಂತ ಆಗ್ತದ. ಯಂತ್ರ ಕೆಡಿಸಿದಾಕಿ ಅಂದಮ್ಯಾಲ ಗುಲ್ಬರ್ಗಾದಾಗ ಯಾ ಪ್ರೆಸ್ಸಿನವರು ನನ್ನ ಒಳಗ ಬಿಡ್ತಾರ್ರಿ?”

“ನೀ ದಿನಾ ಹ್ಯಾಂಗ ಮಾಡ್ತಿ ಹಂಗೇ ಮಾಡ್ತಾ ಹೋಗು. ನಾ ಹಿಂದ ಕೂಡ್ತೀನಿ. ನಾ ಇದ್ದೀನಂತ ಏನೂ ಬದಲಿ ಮಾಡಬ್ಯಾಡ” ಎಂದೆ. ಒಂದು ಸ್ಟೂಲು ಎಳೆದುಕೊಂಡು ಗೋಡೆಗೆ ಒರಗಿ ಕೂತೆ. ಯಂತ್ರ ಎಷ್ಟು ಮೆಮೊರಿ ಹಿಡಿದಿದೆ ಎಂದು ತೋರಿಸುವ ಪುಟ್ಟ ಕಿಟಕಿಯೊಂದನ್ನು ಪರದೆಯ ಮೂಲೆಯಲ್ಲಿ ತೆರೆದಿಟ್ಟಿದ್ದೆ.

ಹೊಸಬರಿಗೆ ಹೇಳುತ್ತೇನೆ, ಈ ಕಸುಬಿನಲ್ಲಿ ಅತ್ಯಂತ ಕಷ್ಟದ ಕೆಲಸ ಇದು: ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನೋಡುವುದು. ಕೈ ಮುಂದೆ ಹೋಗುತ್ತದೆ, ‘ಹಾಗಲ್ಲ ಹೀಗೆ’ ಎನ್ನಲು ನಾಲಿಗೆ ತುರಿಸುತ್ತದೆ. ತಡೆದುಕೊಳ್ಳಿ.

ಮೊದಲು ಕಂಡ ಸಂಗತಿ, ಮಹಾದೇವಿ ಬೆಳಿಗ್ಗೆ ತೆರೆದ ಬ್ರೌಸರನ್ನು ಮುಚ್ಚುವುದೇ ಇಲ್ಲ. ಮುಚ್ಚಿದರೆ ಲೈನೂ ಹೋಗುತ್ತಿತ್ತು, ಅಫಜಲಪುರದಿಂದ ಗುಲ್ಬರ್ಗಕ್ಕೆ ಒಮ್ಮೆ ಲೈನ್ ಸಿಕ್ಕರೆ ಅದನ್ನು ಬಿಡುವುದು ಹುಚ್ಚುತನ. ಹುಬ್ಬಳ್ಳಿಯವರು ಊಟಕ್ಕೆ ಹೋಗುವಾಗ ಮುಚ್ಚಿ, ಬಂದು ತೆರೆಯುತ್ತಿದ್ದರು. ಫರಕು ಒಂದು ಸಿಕ್ಕಿತು. ಆದರೆ ತೆರೆದಿಟ್ಟ ಮಾತ್ರಕ್ಕೆ ಅಂಕಿ ಏರಲಿಲ್ಲ. ಆಕೆ ಟೈಪ್ ಮಾಡಿದಳು, ಸುದ್ದಿ ಕಳಿಸಿದಳು. ಅಂಕಿ ಸ್ವಲ್ಪ ಏರಿ ಇಳಿಯಿತು. ಅದು ಸಹಜ.

ಆಮೇಲೆ ಗೊಬ್ಬೂರಿನ ಬಸ್ಸು ಬಂತು. ಬಸ್ಸಿನಿಂದ ಇಳಿದು ನೇರ ಕಚೇರಿಗೆ ಬಂದವನು ಸಿದ್ರಾಮಪ್ಪ. ಊರಲ್ಲಿ ಹಿಟ್ಟಿನ ಗಿರಣಿ ಇಟ್ಟವನು, ನಮ್ಮ ಪತ್ರಿಕೆಗೆ ಗೊಬ್ಬೂರಿನ ಸುದ್ದಿ ಬರೆಯುತ್ತಿದ್ದ. ಮೀಸೆಯ ಮೇಲೆ ಇನ್ನೂ ಹಿಟ್ಟಿತ್ತು. ಕಿಸೆಯಿಂದ ಕಾಗದ, ಒಂದು ಫೋಟೊ ತೆಗೆದು ಕೊಟ್ಟ. ಶಾಲೆಯ ಛಾವಣಿ ಸೋರುವ ಸುದ್ದಿ. ಮಹಾದೇವಿ ಅದನ್ನು ಟೈಪ್ ಮಾಡಿ, ಫೋಟೊ ಸೇರಿಸಿ ಮುಗಿಸಿದಳು.

“ತೋರ್ಸವ್ವ” ಎಂದ ಸಿದ್ರಾಮಪ್ಪ.

ಆಕೆ ‘ಮುನ್ನೋಟ’ ಎಂಬ ಗುಂಡಿ ಒತ್ತಿದಳು. ಸುದ್ದಿ ಪತ್ರಿಕೆಯಲ್ಲಿ ಹೇಗೆ ಕಾಣುತ್ತದೋ ಹಾಗೆ, ಕಾಲಮ್ಮಿನ ಅಗಲದಲ್ಲಿ, ತಲೆಬರಹ ಮತ್ತು ಫೋಟೊ ಸಹಿತ ಪರದೆಯ ಮೇಲೆ ಮೂಡಿತು. ಸಿದ್ರಾಮಪ್ಪ ಕನ್ನಡಕ ಏರಿಸಿ ಓದಿದ.

“ಹೆಡ್ ಮಾಸ್ತರ ಹೆಸರಿನ ಮುಂದ ‘ಶ್ರೀ’ ಬಿಟ್ಟೀಯಲ್ಲಬೇ. ಊರಾಗ ನಾ ತಿರಗಾಡೂದು ಬ್ಯಾಡೇನು?”

ಮುನ್ನೋಟ ಮುಚ್ಚಿದಳು, ‘ಶ್ರೀ’ ಹಾಕಿದಳು, ಮತ್ತೆ ತೋರಿಸಿದಳು.

“ಫೋಟೊ ಜರಾ ದೊಡ್ಡದು ಮಾಡು. ಛತ್ತಿನ ತೂತು ಕಾಣಬೇಕಲ್ಲ.”

ಮುಚ್ಚಿದಳು, ಮಾಡಿದಳು, ತೋರಿಸಿದಳು.

“ಮೊದಲಿಂದೇ ಚಲೋ ಇತ್ತು ಬಿಡು.”

“ಕಾಕಾ, ನಿಮ್ಮ ಗಿರಣ್ಯಾಗ ಜ್ವಾಳ ಬೀಸಿದ ಮ್ಯಾಲ ಯಾರರ ಮತ್ತ ಕಾಳು ಮಾಡಿಕೊಡು ಅಂತಾರೇನ್ರಿ?” ಎಂದು ಮಹಾದೇವಿ ಕೇಳಿದಳು. ಕೇಳುತ್ತಲೇ ನಾಲ್ಕನೆಯ ಸಲ ಮುನ್ನೋಟ ತೆರೆದಳು.

ನಾನು ಮೂಲೆಯ ಕಿಟಕಿ ನೋಡುತ್ತಿದ್ದೆ. ಮುನ್ನೋಟ ತೆರೆದಾಗ ಅಂಕಿ ಏರಿತು. ಮುಚ್ಚಿದಾಗ ಇಳಿಯಲಿಲ್ಲ. ಮತ್ತೆ ತೆರೆದಾಗ ಇನ್ನೊಂದು ಮೆಟ್ಟಿಲು ಏರಿತು. ಒಮ್ಮೆಯೂ ಕೆಳಗೆ ಬರಲಿಲ್ಲ.

ಸಿದ್ರಾಮಪ್ಪನ ಹಿಂದೆ ಇನ್ನೊಂದು ಹಳ್ಳಿಯವರು, ಅವರ ಹಿಂದೆ ಮತ್ತೊಬ್ಬರು. ಎಲ್ಲರದೂ ಅದೇ ಮಾತು, ‘ತೋರ್ಸವ್ವ’. ಸಂಬಳವಿಲ್ಲದೆ, ಬಸ್ ಚಾರ್ಜನ್ನೂ ಕೈಯಿಂದ ಹಾಕಿ ಸುದ್ದಿ ತರುವವರು ಅವರು. ತಮ್ಮದು ಹೇಗೆ ಕಾಣುತ್ತದೆ ಎಂದು ನೋಡದೆ ಬಸ್ಸು ಹತ್ತುತ್ತಿರಲಿಲ್ಲ. ಆಳಂದಕ್ಕೆ ಫೋನ್ ಮಾಡಿ ಕೇಳಿದೆ. “ಮಹಾರಾಷ್ಟ್ರ ಗಡಿ ಮ್ಯಾಲಿನ ಹಿರೋಳ್ಳಿಯವರು ತೋರ್ಸಿದ್ರೂ ಬಿಡಂಗಿಲ್ಲ, ಮರಾಠಿಯೊಳಗ ಒಂದಿಷ್ಟು ಬೈದು ಮತ್ತ ತೋರ್ಸು ಅಂತಾರ” ಎಂದ ಹಣಮಂತರಾವ. ಹುಬ್ಬಳ್ಳಿಯಲ್ಲಿ ಮುನ್ನೋಟದ ಗುಂಡಿಯನ್ನು ಯಾರೂ ಒತ್ತುತ್ತಿರಲಿಲ್ಲ. ಅಲ್ಲಿ ಪ್ರೂಫ್ ತೆಗೆಯಲು ಪ್ರಿಂಟರ್ ಇತ್ತು. ಎರಡನೆಯ ಫರಕು ಸಿಕ್ಕಿತು.

ಊಹೆಯನ್ನು ಸುದ್ದಿ ಎಂದು ಬರೆಯುವಂತಿಲ್ಲ. ಆದ್ದರಿಂದ ಮಧ್ಯಾಹ್ನ ಜನ ಇಲ್ಲದಾಗ ಬ್ರೌಸರ್ ಮುಚ್ಚಿ ತೆರೆದು, ಒಂದೇ ಸುದ್ದಿ ಇಟ್ಟುಕೊಂಡು, ಬೇರೇನೂ ಮಾಡದೆ ಮುನ್ನೋಟವನ್ನು ತೆರೆದು ಮುಚ್ಚುತ್ತ ಹೋದೆ. ಊಟದ ಹೊತ್ತು ಮುಗಿಯುವುದರೊಳಗೆ ಯಂತ್ರವನ್ನು ನಾನೇ ಕೊಂದೆ. ಪುಟವನ್ನು ಹೊಸದಾಗಿ ತರಿಸಿದರೂ ಅಂಕಿ ಇಳಿಯಲಿಲ್ಲ, ಬ್ರೌಸರನ್ನೇ ಪೂರ್ತಿ ಮುಚ್ಚಿದಾಗ ಮಾತ್ರ ಇಳಿಯಿತು. ಮತ್ತೆ ತೆರೆದು, ಈ ಸಲ ಮುನ್ನೋಟ ಮುಟ್ಟದೆ ಬರೀ ಬರೆದು ಕಳಿಸುತ್ತ ಕೂತೆ. ಯಂತ್ರ ಸಂಜೆಯವರೆಗೂ ಹಗುರವಾಗಿತ್ತು. ನೆನಪಿಡಿ: ಒಂದು ಸಲಕ್ಕೆ ಒಂದೇ ಕೆಲಸ, ಅದನ್ನೇ ಮತ್ತೆ ಮತ್ತೆ. ಎರಡು ಒಟ್ಟಿಗೆ ಮಾಡಿದರೆ ಯಾರು ಕಳ್ಳ ಎಂದು ತಿಳಿಯುವುದಿಲ್ಲ.

ಆ ಪುಟದ ಪ್ರೋಗ್ರಾಂ ಬರೆದವನು ಹುಬ್ಬಳ್ಳಿ ಕಚೇರಿಯ ಪ್ರಸನ್ನ. ಚಿಕ್ಕ ವಯಸ್ಸಿನ, ಒಳ್ಳೆಯ ಕೆಲಸಗಾರ. ಫೋನಿನಲ್ಲಿ ಎಲ್ಲ ಹೇಳಿದೆ. ಮುನ್ನೋಟ ಮುಚ್ಚಿದ ಮೇಲೆ ಏನೂ ಉಳಿಯುವುದಿಲ್ಲ ಎಂದು ಅವನು ವಾದಿಸಿದ. ನಾನು ಪ್ರೆಸ್ಸಿನ ಕಥೆ ಹೇಳಿದೆ. ಸೀಸದ ಮೊಳೆಯನ್ನು ಅವನು ಕಂಡಿರಲಿಲ್ಲ. “ಅಚ್ಚಾದ ಸಾಲನ್ನು ಕಣ್ಣಿಗೆ ಕಾಣದಂತೆ ಮೂಲೆಗಿಟ್ಟರೆ ಬಿಚ್ಚಿದ ಹಾಗಾಗುವುದಿಲ್ಲ. ಮೊಳೆ ಕೇಸಿಗೆ ವಾಪಸ್ ಬಂದಿತೋ ಇಲ್ಲವೋ, ಅದನ್ನು ನೋಡು” ಎಂದೆ. ಅವನು ಕೀಲಿಮಣೆ ಕುಟ್ಟುತ್ತ ತಾನು ಬರೆದದ್ದನ್ನು ಹುಡುಕಿ ನೋಡಿದ.

“ಸರ್, ನಾನು ಅದನ್ನ ಅಡಗಿಸ್ತಾ ಇದ್ದೀನಿ ಅಷ್ಟೇ. ತೆಗೀತಾ ಇಲ್ಲ. ಪ್ರತಿ ಸಲ ಹೊಸದು ಮಾಡ್ತಾ ಇದ್ದೀನಿ.”

ಅಂದೇ ಅಡಗಿಸುವುದನ್ನು ಬಿಟ್ಟು ತೆಗೆಯುವಂತೆ ಬರೆದು, ನನಗೆ ಪರೀಕ್ಷೆಗೆ ಬೇರೆ ಪುಟವಾಗಿ ಕಳಿಸಿದ. ಅಂಕಿ ಏರುವುದು ನಿಧಾನವಾಯಿತು, ನಿಲ್ಲಲಿಲ್ಲ. ಹೊಸಬರು ಇಲ್ಲೇ ಮೋಸಹೋಗುತ್ತಾರೆ. ಕಡಿಮೆಯಾಯಿತು ಎಂದರೆ ಗುಣವಾಯಿತು ಎಂದಲ್ಲ. ಪ್ರಸನ್ನ ಇನ್ನೂ ಅಗೆದಾಗ ಮೂಲ ಸಿಕ್ಕಿತು. ಪುಟದಲ್ಲಿ ಸುದ್ದಿ ಬರೆಯುವ ಪೆಟ್ಟಿಗೆ ಮುನ್ನೋಟವನ್ನು ಹಿಡಿದಿತ್ತು, ಮುನ್ನೋಟ ಬರೆಯುವ ಪೆಟ್ಟಿಗೆಯನ್ನು ಹಿಡಿದಿತ್ತು. ಒಂದನ್ನೊಂದು ಹಿಡಿದಿರುವವರೆಗೆ ಎರಡೂ ಬಳಕೆಯಲ್ಲಿವೆ ಎಂದು ಬ್ರೌಸರ್ ತಿಳಿಯುತ್ತಿತ್ತು, ಫೋಟೊ ಸಮೇತ ಎಲ್ಲವನ್ನೂ ಕಾಯ್ದಿಡುತ್ತಿತ್ತು. ಮುಚ್ಚುವ ಮೊದಲು ಎರಡೂ ಕಡೆಯ ಹಿಡಿತ ಬಿಡಿಸಬೇಕಿತ್ತು. ಬಿಡಿಸಿದ. ಮುನ್ನೋಟ ಮುಚ್ಚಿದ ಕೂಡಲೇ ಅಂಕಿ ಇಳಿಯಿತು. ಮಹಾದೇವಿ ನನ್ನ ಹಿಂದೆ ನಿಂತು ನೋಡುತ್ತಿದ್ದಳು. “ಖರೇನ?” ಎಂದಳು. ತಾನೇ ಕೂತು ತೆರೆದು ಮುಚ್ಚಿ ನೋಡಿದಳು. ನಂಬಲಿಲ್ಲ, ಮತ್ತೆ ನೋಡಿದಳು.

ಈ ತಿದ್ದುಪಡಿಯನ್ನು ಎಲ್ಲರ ಪುಟಕ್ಕೆ ಹಾಕಲು ಸಾಹೇಬರು ಒಪ್ಪಲಿಲ್ಲ. ಪುಟದಲ್ಲಿ ದೋಷವಿಲ್ಲ, ಸಿದ್ಧವಾಗಿದೆ ಎಂದು ಅವರು ಆಡಳಿತ ಮಂಡಳಿಗೆ ಬರೆದುಕೊಟ್ಟು ಆಗಿತ್ತು.

“ತಾಲೂಕಿನವರಿಗೆ ಮುನ್ನೋಟ ಯಾಕ ಬೇಕ್ರಿ? ಆ ಗುಂಡಿ ತಗದುಬಿಡ್ರಿ, ಮುಗೀತು” ಎಂದರು.

“ಬರೆದವನಿಗೆ ತನ್ನ ಸುದ್ದಿ ನೋಡುವ ಹಕ್ಕಿದೆ ಸರ್. ದೋಷ ನಮ್ಮ ಪುಟದಲ್ಲಿದೆ. ಗುಂಡಿ ತೆಗೆಯುವುದಿಲ್ಲ” ಎಂದೆ.

“ನಿಮ್ಮನ್ನ ಕೇಳಿದ್ನೇನು?”

“ಸರ್ವರ್ ನನ್ನ ಕೈಯಲ್ಲಿದೆ. ಕೇಳಲೇಬೇಕಾಗುತ್ತದೆ.”

ಹಾಗೆ ಹೇಳಬಾರದಿತ್ತು ಎಂದು ಆಮೇಲೆ ಹಲವರು ಬುದ್ಧಿ ಹೇಳಿದರು. ನನಗೆ ಹಾಗನ್ನಿಸಿಲ್ಲ. ಪ್ರಸನ್ನನನ್ನು ಕೇಳಿದೆ. “ಹಾಕಿಬಿಡಿ ಸರ್, ಬರೆದದ್ದು ನಾನು” ಎಂದ. ಗುಲ್ಬರ್ಗಕ್ಕೆ ಹಿಂತಿರುಗಿ ಯಾರ ಅಪ್ಪಣೆಯೂ ಇಲ್ಲದೆ ಹಾಕಿದೆ. ಜೇವರ್ಗಿ, ಆಳಂದ, ಅಫಜಲಪುರ, ಮೂರೂ ಕಡೆ ಯಂತ್ರಗಳು ಸಾಯುವುದನ್ನು ನಿಲ್ಲಿಸಿದವು.

ಅದಾದ ಕೆಲವು ದಿನಕ್ಕೆ ಸಾಹೇಬರು ಅಫಜಲಪುರಕ್ಕೆ ಬಂದರು. ನನ್ನನ್ನೂ ಪ್ರಸನ್ನನನ್ನೂ ಜೊತೆಗೆ ಕರೆತಂದಿದ್ದರು. ಕಚೇರಿಯಲ್ಲಿದ್ದ ಒಳ್ಳೆಯ ಕುರ್ಚಿ ಒಂದೇ, ಮಹಾದೇವಿಯದು. ಅದರಲ್ಲಿ ಕೂತರು. ಆಕೆ ನಿಂತಳು.

“ನಿನ್ನ ತಗಿಯೂದಿಲ್ಲ” ಎಂದರು ಮೆಲ್ಲಗೆ. “ಆದರ ಆ ದಿನ ಪ್ರವಾಹದ ಸುದ್ದಿ ಯಾಕ ತಪ್ಪಿತು ಅಂತ ಮ್ಯಾಲಿನವರು ಕೇಳ್ಯಾರ. ಇದಕ್ಕ ಒಂದು ಸಹಿ ಹಾಕು. ಇದ್ದಲ್ಲೇ ಇರ್ತಿ.”

ಒಂದು ಹಾಳೆ ಮುಂದಿಟ್ಟರು. ಆಪರೇಟರ್ ನಿರ್ಲಕ್ಷ್ಯದಿಂದ ಯಂತ್ರ ಕೆಟ್ಟು ಸುದ್ದಿ ತಪ್ಪಿತು, ಮುಂದೆ ಹೀಗಾಗದು, ಕ್ಷಮೆ ಇರಲಿ ಎಂದು ಅದರಲ್ಲಿತ್ತು. ಕೆಲಸ ಉಳಿಸಿಕೊಳ್ಳಬೇಕಾದರೆ ಒಂದು ಸಹಿ. ಹಾಕಿದ್ದರೆ ನಾನು ಆಕೆಯನ್ನು ದೂಷಿಸುತ್ತಿರಲಿಲ್ಲ.

ಮಹಾದೇವಿ ಹಾಳೆ ಎತ್ತಿಕೊಂಡು, ಹಳ್ಳಿಯಿಂದ ಬಂದ ಸುದ್ದಿಯನ್ನು ಓದುವ ಹಾಗೆಯೇ ಪೂರ್ತಿ ಓದಿದಳು. ಕೆಂಪು ಪೆನ್ನು ತೆಗೆದಳು. ‘ಆಪರೇಟರ್ ನಿರ್ಲಕ್ಷ್ಯದಿಂದ’ ಎಂಬುದನ್ನು ಹೊಡೆದು ಮೇಲೆ ‘ಪುಟದ ದೋಷದಿಂದ’ ಎಂದು ಬರೆದಳು. ಕ್ಷಮೆಯ ಸಾಲನ್ನು ಪೂರ್ತಿ ಹೊಡೆದಳು. ಹಾಳೆಯನ್ನು ತಿರುಗಿಸಿ ಅವರ ಮುಂದಿಟ್ಟಳು.

“ತಿದ್ದೀನ್ರಿ ಸರ. ಈಗ ಬರೋಬ್ಬರಿ ಅದ.”

ಪ್ರಸನ್ನ ಬಗ್ಗಿ ನೋಡಿದ. ನನ್ನ ಕಿಸೆಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಸಹಿ ಹಾಕಿದ. ಅದರ ಕೆಳಗೆ ನಾನು ಹಾಕಿದೆ.

ಸಾಹೇಬರು ಹಾಳೆ ಎತ್ತಿ ನೋಡಿದರು. “ಇದನ್ನ ನಾ ಮ್ಯಾಲ ಹ್ಯಾಂಗ ಕಳಸ್ಲಿ?”

“ಕಳಸ್ರಿ, ಬಿಡ್ರಿ, ಅದು ನಿಮಗ ಬಿಟ್ಟದ್ದು. ಮೊದಲಿಂದಕ್ಕ ಮಾತ್ರ ನಾ ಸಹಿ ಹಾಕಂಗಿಲ್ರಿ” ಎಂದಳು ಮಹಾದೇವಿ.

ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ಕೈಯಲ್ಲಿ ಮಡಿಸಿದ ಕಾಗದ ಹಿಡಿದವರಿಬ್ಬರು ಬಾಗಿಲಲ್ಲಿ ಕಾಣಿಸಿಕೊಂಡು, ಮಹಾದೇವಿಯ ಕುರ್ಚಿಯಲ್ಲಿ ಬೇರೆಯವರನ್ನು ನೋಡಿ ಅಲ್ಲೇ ನಿಂತರು.

“ಬರ್ರಿ ಬರ್ರಿ, ಒಳಗ ಬರ್ರಿ” ಎಂದು ಆಕೆ ಅವರನ್ನು ಕರೆದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು. “ಸರ, ಸುದ್ದಿ ಬಂದದ್ರಿ. ಜರಾ ಕುರ್ಚಿ ಬಿಡ್ರಿ.”

ಅವರು ಎದ್ದರು.